ಸಾಫ್ಟ್‌ವೇರ್ 131.5 ಅಂದಿತು, ಒಪ್ಪಬೇಕಾ?

ಪ್ರಶ್ನೆ: ನಾನು ಕಮ್ಯುನಿಟಿ ಮೆಡಿಸಿನ್‌ನಲ್ಲಿ ಎಂ.ಡಿ. ಮಾಡುತ್ತಿದ್ದೇನೆ. ಥೀಸಿಸ್‌ಗಾಗಿ ಹಳ್ಳಿಗಳಲ್ಲಿ 180 ಜನರ ಬೆರಳು ಚುಚ್ಚಿ, ಗ್ಲುಕೋಮೀಟರ್‌ನಲ್ಲಿ ರ‍್ಯಾಂಡಮ್ ಶುಗರ್ ನೋಡಿದೆ. ಆಮೇಲೆ ಗ್ಲುಕೋಸ್ ಕುಡಿಸಿ ಎರಡು ಗಂಟೆಯ ಪರೀಕ್ಷೆ ಮಾಡಿಸಿದೆ. ಮೊದಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದ 11 ಜನರಿಗೆ ಮಾತ್ರ ಈ ಪರೀಕ್ಷೆ ಮಾಡಿಸದೆ, ಡಯಾಬಿಟಿಸ್ ಇದೆ ಅಂತಲೇ ಸೇರಿಸಿಕೊಂಡೆ. ಅವರೂ ಸೇರಿ 30 ಜನರಿಗೆ ಡಯಾಬಿಟಿಸ್. ಎಸ್‌ಪಿಎಸ್‌ಎಸ್ ಅನ್ನುವ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್‌ನಲ್ಲಿ ಆರ್‌ಒಸಿ ಕರ್ವ್ ಹಾಕಿದಾಗ ಎಯುಸಿ (ಕರ್ವಿನ ಕೆಳಗಿನ ಜಾಗ) 0.81 ಬಂತು. ಯೂಡನ್ ಇಂಡೆಕ್ಸ್ ಪ್ರಕಾರ ಕಟ್‌ಆಫ್, ಅಂದರೆ ದಾಟಿದರೆ ಮುಂದಿನ ಪರೀಕ್ಷೆಗೆ ಕರೆಸಬೇಕಾದ ಗೆರೆ, 131.5 (ಸೆನ್ಸಿಟಿವಿಟಿ, ಅಂದರೆ ರೋಗಿಗಳಲ್ಲಿ ಸಿಕ್ಕವರು, 83%; ಸ್ಪೆಸಿಫಿಸಿಟಿ, ಅಂದರೆ ಕಾಯಿಲೆ ಇಲ್ಲದವರಲ್ಲಿ ಗೆರೆ ದಾಟದವರು, 69%). ಎಡಗಡೆಯ ಮೇಲಿನ ಮೂಲೆಗೆ ಹತ್ತಿರದ ಬಿಂದು ತೆಗೆದುಕೊಂಡರೆ 138.5 (77%, 75%). ಗೈಡ್ ಮೊದಲನೆಯದು ಸರಿ ಅಂತಾರೆ, ನನ್ನ ಸೀನಿಯರ್ ಎರಡನೆಯದು ಅಂತಾರೆ. ಯಾವುದು ನಿಜವಾದ ಆಪ್ಟಿಮಲ್ ಕಟ್‌ಆಫ್?

ಉತ್ತರ: ಮೊದಲು ಶೇಕಡಾ ಲೆಕ್ಕ ಬಿಟ್ಟು ತಲೆ ಎಣಿಸೋಣ. 131.5ರಲ್ಲಿ ಗೆರೆ ಎಳೆದರೆ 30 ರೋಗಿಗಳಲ್ಲಿ 25 ಜನ ಸಿಗುತ್ತಾರೆ, 5 ಜನ ತಪ್ಪಿಸಿಕೊಳ್ಳುತ್ತಾರೆ. ಕಾಯಿಲೆ ಇಲ್ಲದ 150 ಜನರಲ್ಲಿ 46 ಜನಕ್ಕೆ ಸುಮ್ನೆ ಗಾಬರಿ. 138.5ಕ್ಕೆ ಏರಿಸಿದರೆ 23 ಜನ ಸಿಗುತ್ತಾರೆ, 7 ಜನ ತಪ್ಪಿಸಿಕೊಳ್ಳುತ್ತಾರೆ, ಗಾಬರಿ 37 ಜನಕ್ಕೆ ಇಳಿಯುತ್ತದೆ. ನಿಮ್ಮ ಗೈಡ್‌ಗೂ ಸೀನಿಯರ್‌ಗೂ ಇರುವ ಜಗಳ ಇಷ್ಟೇ: ಇನ್ನಿಬ್ಬರು ರೋಗಿಗಳನ್ನು ಹಿಡಿಯಲು ಇನ್ನೊಂಬತ್ತು ಜನರನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕರೆಸಿ ಗ್ಲುಕೋಸ್ ಕುಡಿಸಬಹುದಾ?

ಇದನ್ನು ಸಾಫ್ಟ್‌ವೇರ್ ಹೇಗೆ ಹೇಳೀತು? ಆ ಒಂಬತ್ತು ಜನ ಕೂಲಿ ಬಿಟ್ಟು ಬರಬೇಕು ಅಂತ ಅದಕ್ಕೆ ಗೊತ್ತಿಲ್ಲ. ಆ ಇಬ್ಬರು ಮುಂದಿನ ಕ್ಯಾಂಪಿನವರೆಗೆ ಕಾಯಿಲೆ ಗೊತ್ತಿಲ್ಲದೆ ಓಡಾಡುತ್ತಾರೆ ಅಂತಲೂ ಗೊತ್ತಿಲ್ಲ.

ನಮ್ಮಜ್ಜಿಯ ಅಡುಗೆಮನೆಯಲ್ಲಿ ಎರಡು ಜರಡಿ ಇದ್ದವು. ಸಣ್ಣ ತೂತಿನದು ಹಿಟ್ಟಿಗೆ, ದೊಡ್ಡ ತೂತಿನದು ಕಾಳಿಗೆ. ಯಾವುದು ಒಳ್ಳೆಯ ಜರಡಿ ಅಂತ ಕೇಳಿದ್ದರೆ ಅವರು ಮೊದಲು 'ಏನು ಜರಡಿ ಹಿಡೀಬೇಕು?' ಅಂತ ಕೇಳುತ್ತಿದ್ದರು. ನಿಮ್ಮ ಪ್ರಶ್ನೆಗೂ ನಾನು ಕೇಳುವುದು ಅದನ್ನೇ. ಗೆರೆಯ ಆಚೆ ಬಿದ್ದವರಿಗೆ ಏನು ಮಾಡುತ್ತೀರಿ, ಈಚೆ ಉಳಿದವರಿಗೆ ಏನಾಗುತ್ತದೆ?

ಕರ್ವ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವುದನ್ನು ಬೇಗ ಮುಗಿಸುತ್ತೇನೆ. ಇದು ಹುಟ್ಟಿದ್ದು ಎರಡನೇ ಮಹಾಯುದ್ಧದ ಕಾಲದ ರೇಡಾರ್ ಕೆಲಸದಲ್ಲಿ. ಪರದೆಯ ಮೇಲೆ ಕಂಡ ಚುಕ್ಕೆ ವಿಮಾನವೋ, ಬರೀ ಗದ್ದಲವೋ? ಪ್ರತಿ ಚುಕ್ಕೆಗೂ ಸೈರನ್ ಊದಿದರೆ ಒಂದು ವಿಮಾನವೂ ತಪ್ಪುವುದಿಲ್ಲ, ಆದರೆ ಊರಿಗೆ ನಿದ್ದೆ ಇರುವುದಿಲ್ಲ. ನಿಮ್ಮ ಕರ್ವ್ ಮೇಲಿನ ಪ್ರತಿ ಬಿಂದುವೂ ಹೀಗೆ ಒಂದೊಂದು ಕಟ್‌ಆಫ್. ಅಡ್ಡಗೆರೆಯ ಮೇಲೆ ಸುಳ್ಳು ಸೈರನ್ ಎಷ್ಟು, ಉದ್ದಗೆರೆಯ ಮೇಲೆ ಸಿಕ್ಕ ರೋಗಿಗಳು ಎಷ್ಟು. ಎಯುಸಿ 0.81 ಅಂದರೆ ಡಯಾಬಿಟಿಸ್ ಇರುವ ಒಬ್ಬರನ್ನು, ಇಲ್ಲದ ಒಬ್ಬರನ್ನು ಕಣ್ಣುಮುಚ್ಚಿ ಆರಿಸಿದರೆ, 100ಕ್ಕೆ 81 ಸಲ ರೋಗಿಯ ಶುಗರ್ರೇ ಜಾಸ್ತಿ ಇರುತ್ತದೆ ಅಂತ. ಅಷ್ಟೇ. ಗೆರೆ ಎಲ್ಲಿ ಎಳೆಯಬೇಕು ಅನ್ನುವುದಕ್ಕೂ ಈ 0.81ಕ್ಕೂ ಸಂಬಂಧವಿಲ್ಲ. ಥೀಸಿಸ್‌ಗಳಲ್ಲಿ '0.8 ದಾಟಿದೆ, ಆದ್ದರಿಂದ ಕಟ್‌ಆಫ್ ಚೆನ್ನಾಗಿದೆ' ಅಂತ ಬರೆಯುತ್ತಾರಲ್ಲ, ಅದನ್ನು ಓದಿದಾಗೆಲ್ಲ ನನಗೆ ಕೆಂಪು ಪೆನ್ ನೆನಪಾಗುತ್ತದೆ.

ಈಗ ಯೂಡನ್. ಅಮೆರಿಕದ ಡಬ್ಲ್ಯು. ಜೆ. ಯೂಡನ್ ಮೂಲತಃ ರಸಾಯನಶಾಸ್ತ್ರದವರು, ಆಮೇಲೆ ಸಂಖ್ಯಾಶಾಸ್ತ್ರಕ್ಕೆ ಬಂದವರು. 1950ರಲ್ಲಿ ಒಂದು ಚಿಕ್ಕ ಲೇಖನದಲ್ಲಿ ಈ ಅಳತೆ ಕೊಟ್ಟರು: ಸೆನ್ಸಿಟಿವಿಟಿ ಮತ್ತು ಸ್ಪೆಸಿಫಿಸಿಟಿ ಕೂಡಿಸಿ ಒಂದನ್ನು ಕಳೆಯಿರಿ. ನಿಮ್ಮ ಗೈಡ್ ಹೇಳಿದ ಬಿಂದುವಿನಲ್ಲಿ ಅದು 0.527, ಸೀನಿಯರ್ ಹೇಳಿದ್ದರಲ್ಲಿ 0.520. ಕೂದಲೆಳೆ ಅಂತರ.

ಈ ಅಳತೆ ಎಷ್ಟು ನಿಷ್ಪಕ್ಷಪಾತಿ ಅನ್ನಿಸುತ್ತದೆ, ಅಲ್ವಾ? ಎರಡಕ್ಕೂ ಸಮ ತೂಕ. ಆದರೆ ಅದರ ಹೊಟ್ಟೆಯೊಳಗೆ ಒಂದು ಬೆಲೆಪಟ್ಟಿ ಅಡಗಿದೆ. ಸೆನ್ಸಿಟಿವಿಟಿ ರೋಗಿಗಳ ನಡುವಿನ ಶೇಕಡಾ, ಸ್ಪೆಸಿಫಿಸಿಟಿ ಆರೋಗ್ಯವಂತರ ನಡುವಿನ ಶೇಕಡಾ. ನಿಮ್ಮಲ್ಲಿ ರೋಗಿಗಳು 30, ಉಳಿದವರು 150. ಹಾಗಾಗಿ ಒಬ್ಬ ರೋಗಿ ತಪ್ಪಿಹೋದರೆ ಆಗುವ ನಷ್ಟವನ್ನು ಯೂಡನ್ ಐದು ಸುಳ್ಳು ಗಾಬರಿಗೆ ಸಮ ಅಂತ ಲೆಕ್ಕ ಹಾಕುತ್ತದೆ. ಇಬ್ಬರಿಗೆ ಒಂಬತ್ತು ಅಂದರೆ ಒಬ್ಬರಿಗೆ ನಾಲ್ಕೂವರೆ. ಐದಕ್ಕಿಂತ ಕಡಿಮೆ, ಅದಕ್ಕೇ ಅದು 131.5ನ್ನು ಆರಿಸಿತು. ನೂರಕ್ಕೆ ಹತ್ತು ಜನರಿಗೆ ಕಾಯಿಲೆ ಇರುವ ಊರಿನಲ್ಲಿ ಇದೇ ಯೂಡನ್‌ನ ಬೆಲೆ ಒಂದಕ್ಕೆ ಒಂಬತ್ತು. ನೂರಕ್ಕೆ ಒಬ್ಬರಿಗೆ ಇದ್ದರೆ ಒಂದಕ್ಕೆ 99! ಕಾಯಿಲೆ ಅಪರೂಪವಾದಷ್ಟೂ ಒಬ್ಬ ರೋಗಿಯ ಬೆಲೆಯನ್ನು ಅದು ತಾನಾಗಿಯೇ ಏರಿಸುತ್ತಾ ಹೋಗುತ್ತದೆ. ನಮ್ಮನ್ನು ಒಂದು ಮಾತೂ ಕೇಳುವುದಿಲ್ಲ.

ಇದನ್ನು ತಿರುವಿ ಹಾಕಿದರೆ ಸರಿಯಾದ ದಾರಿ ಸಿಗುತ್ತದೆ. ಮೊದಲು ಬೆಲೆ ನೀವು ಹೇಳಿ. 'ಒಬ್ಬ ರೋಗಿಯನ್ನು ಬಿಟ್ಟುಬಿಡುವುದು ಹತ್ತು ಸುಳ್ಳು ಗಾಬರಿಗೆ ಸಮ' ಅಂತಲೋ, ಮೂರಕ್ಕೆ ಸಮ ಅಂತಲೋ. ಆಮೇಲೆ ಕಾಯಿಲೆ ಇಲ್ಲದವರನ್ನು ಇರುವವರಿಂದ ಭಾಗಿಸಿ, ಆ ಬೆಲೆಯಿಂದ ಮತ್ತೊಮ್ಮೆ ಭಾಗಿಸಿ. ಬಂದ ಸಂಖ್ಯೆಯೇ ಕರ್ವ್ ಮೇಲೆ ನೀವು ನಿಲ್ಲಬೇಕಾದ ಜಾಗದ ಇಳಿಜಾರು. ನಿಮ್ಮಲ್ಲಿ 150ನ್ನು 30ರಿಂದ ಭಾಗಿಸಿದರೆ 5. ಬೆಲೆ ಐದಾದರೆ ಇಳಿಜಾರು ಒಂದು, ಅದೇ ಯೂಡನ್ ಬಿಂದು. ಬೆಲೆ ಹತ್ತು ಅಂತಿಟ್ಟರೆ ಇಳಿಜಾರು ಅರ್ಧ, ಅಂದರೆ ಯೂಡನ್ ಬಿಂದುವಿನಿಂದ ಇನ್ನೂ ಬಲಕ್ಕೆ, ಕರ್ವ್ ಚಪ್ಪಟೆಯಾಗುವ ಕಡೆಗೆ ಸರಿಯಬೇಕು. ಕಟ್‌ಆಫ್ ಇನ್ನೂ ಕೆಳಗಿಳಿಯುತ್ತದೆ.

ಮೂಲೆಗೆ ಹತ್ತಿರದ ಬಿಂದುವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂಲೆ ಅಂದರೆ ಒಬ್ಬ ರೋಗಿಯೂ ತಪ್ಪದ, ಒಂದೂ ಸುಳ್ಳು ಗಾಬರಿ ಇಲ್ಲದ ಜಾಗ. ಅದು ಎರಡು ತಪ್ಪುಗಳ ವರ್ಗ ಮಾಡಿ ಕೂಡಿಸುತ್ತದೆ. ತಪ್ಪಿನ ವರ್ಗಕ್ಕೆ ಆಸ್ಪತ್ರೆಯಲ್ಲಿ ಏನರ್ಥ? ನೋಡಲು ಚೆಂದ, ಅಷ್ಟೇ. ಎರಡು ವಿಧಾನ ಬೇರೆ ಬೇರೆ ಉತ್ತರ ಕೊಡುತ್ತವೆ ಅನ್ನುವುದನ್ನು 2006ರಲ್ಲಿ ಪರ್ಕಿನ್ಸ್ ಮತ್ತು ಶಿಸ್ಟರ್‌ಮನ್ ಅನ್ನುವ ಸಂಶೋಧಕರು ತೋರಿಸಿ, ಎರಡರಲ್ಲೇ ಆರಿಸುವುದಾದರೆ ಯೂಡನ್‌ಗೇ ಅರ್ಥ ಇದೆ ಅಂದರು. ಈ ಜಗಳದಲ್ಲಿ ನಿಮ್ಮ ಗೈಡ್‌ಗೆ ಅರ್ಧ ಅಂಕ ಜಾಸ್ತಿ.

ಆದರೆ ಮೂಲೆಯ ವಿಧಾನವನ್ನು ಹಗುರವಾಗಿ ನೋಡಬೇಡಿ, ಅದು ಲೋಕವನ್ನೇ ಅಲ್ಲಾಡಿಸಿದೆ. ಖಾಲಿ ಹೊಟ್ಟೆಯ ಶುಗರ್ 110 ದಾಟಿದರೆ ಎಚ್ಚರಿಕೆ ಅಂತ ಇದ್ದದ್ದನ್ನು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2003ರಲ್ಲಿ 100ಕ್ಕೆ ಇಳಿಸಿತು. ಮುಂದೆ ಡಯಾಬಿಟಿಸ್ ಬರುವವರನ್ನು ಗುರುತಿಸಲು ಯಾವ ಅಂಕಿ ಮೂಲೆಗೆ ಹತ್ತಿರ ಅಂತ ನಾಲ್ಕು ಕಡೆಯ ಜನರಲ್ಲಿ ನೋಡಿದ್ದರು. ಡಚ್ಚರಲ್ಲಿ 103, ಅಮೆರಿಕದ ಮೂಲನಿವಾಸಿಗಳಾದ ಪಿಮಾ ಇಂಡಿಯನ್ನರಲ್ಲಿ 97, ಮಾರಿಷಸ್‌ನಲ್ಲಿ 94, ಅಮೆರಿಕದ ಸ್ಯಾನ್ ಆಂಟೋನಿಯೊ ನಗರದಲ್ಲಿ 94. ಒಂದೇ ಪರೀಕ್ಷೆ, ಒಂದೇ ವಿಧಾನ, ಆದರೂ ಅಂಕಿ ಎಲ್ಲ ಕಡೆ ಒಂದೇ ಇಲ್ಲ. ಕೊನೆಗೆ ನೆನಪಿಡಲು ಸುಲಭವಾದ 100. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಒಪ್ಪದೆ 2006ರಲ್ಲಿ 110ನ್ನೇ ಉಳಿಸಿಕೊಂಡಿತು. ಗೆರೆ ಕೆಳಗಿಳಿದರೆ ಎಷ್ಟೊಂದು ಜನ ಹೊಸದಾಗಿ ಪ್ರಿಡಯಾಬಿಟಿಸ್ ಲೆಕ್ಕಕ್ಕೆ ಬರುತ್ತಾರೆ, ಅವರಿಗೆ ಅದರಿಂದ ಏನು ಲಾಭ ಅನ್ನುವುದು ಅವರ ತಕರಾರು. ಹಾಗಾಗಿ ಇವತ್ತಿಗೂ 105 ಬಂದ ಮನುಷ್ಯ ಒಂದು ಪುಸ್ತಕದಲ್ಲಿ ಪ್ರಿಡಯಾಬಿಟಿಕ್, ಇನ್ನೊಂದರಲ್ಲಿ ನಾರ್ಮಲ್. ರಕ್ತ ಅದೇ.

ನಿಮ್ಮ ವಿಷಯಕ್ಕೆ ತೀರಾ ಹತ್ತಿರದ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಚೆನ್ನೈನ ಡಾ. ವಿ. ಮೋಹನ್ ಮತ್ತು ಜೊತೆಯವರು 2005ರಲ್ಲಿ ಪ್ರಕಟಿಸಿದ ಇಂಡಿಯನ್ ಡಯಾಬಿಟಿಸ್ ರಿಸ್ಕ್ ಸ್ಕೋರ್. ವಯಸ್ಸು, ಸೊಂಟದ ಸುತ್ತಳತೆ, ದೈಹಿಕ ಚಟುವಟಿಕೆ, ಅಪ್ಪ ಅಮ್ಮನಿಗೆ ಡಯಾಬಿಟಿಸ್ ಇದೆಯೇ ಅನ್ನುವ ನಾಲ್ಕೇ ಅಂಶ, ಒಟ್ಟು 100 ಅಂಕ. 60 ಮತ್ತು ಮೇಲೆ ಬಂದವರನ್ನು ರಕ್ತಪರೀಕ್ಷೆಗೆ ಕಳಿಸಿ ಅನ್ನುತ್ತದೆ. ಆ ಗೆರೆಯಲ್ಲಿ ಸೆನ್ಸಿಟಿವಿಟಿ 72.5%, ಸ್ಪೆಸಿಫಿಸಿಟಿ 60.1%, ಎಯುಸಿ 0.698.

ಎಯುಸಿ 0.7 ಕೂಡ ಇಲ್ಲ ಅಂತ ಮೂಗು ಮುರಿಯುವವರಿದ್ದಾರೆ. ತಲೆ ಎಣಿಸಿ ನೋಡಿ. ಸಾವಿರ ಜನರಲ್ಲಿ ನೂರು ಜನರಿಗೆ ಗೊತ್ತಿಲ್ಲದ ಡಯಾಬಿಟಿಸ್ ಇದೆ ಅಂತಿಟ್ಟುಕೊಳ್ಳಿ. 60ರ ಗೆರೆ ಸುಮಾರು 73 ಜನರನ್ನು ಹಿಡಿಯುತ್ತದೆ, 27 ಜನರನ್ನು ಬಿಡುತ್ತದೆ. ಜೊತೆಗೆ ಕಾಯಿಲೆ ಇಲ್ಲದ 359 ಜನರನ್ನೂ ಎಳೆದು ತರುತ್ತದೆ. ಲ್ಯಾಬಿಗೆ ಬರುವವರು 432, ಅವರಲ್ಲಿ ನಿಜವಾದ ರೋಗಿಗಳು ನೂರಕ್ಕೆ 17. ಕೆಟ್ಟ ಲೆಕ್ಕದಂತೆ ಕಾಣುತ್ತದೆ. ಆದರೆ ಖರ್ಚು ಏನು? ಒಂದು ಟೇಪು, ಮೂರು ಪ್ರಶ್ನೆ, ಆಮೇಲೆ ಒಂದು ಸೂಜಿ. ಸಾವಿರ ಜನರಿಗೆ ಚುಚ್ಚುವ ಬದಲು 432 ಜನರಿಗೆ ಚುಚ್ಚಿ ಮುಕ್ಕಾಲು ಪಾಲು ರೋಗಿಗಳನ್ನು ಹಿಡಿದದ್ದಾಯಿತು. ಸುಳ್ಳು ಗಾಬರಿ ಇಷ್ಟು ಅಗ್ಗವಾಗಿದ್ದಾಗ ಗೆರೆಯನ್ನು ಇನ್ನೂ ಕೆಳಗಿಳಿಸಿದರೂ ನಾನು ತಕರಾರು ಮಾಡುವುದಿಲ್ಲ.

ಇದೇ ಗೆರೆಯನ್ನು ನೂರಕ್ಕೆ ಐದು ಜನರಿಗಷ್ಟೇ ಕಾಯಿಲೆ ಇರುವ ಕಡೆ ಹಾಕಿ. ಲ್ಯಾಬಿಗೆ ಬರುವ 415 ಜನರಲ್ಲಿ ರೋಗಿಗಳು 36 ಮಾತ್ರ, ನೂರಕ್ಕೆ ಒಂಬತ್ತೂ ಇಲ್ಲ. ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಕದಲಿಲ್ಲ, ಯೂಡನ್ ಕದಲಿಲ್ಲ. ಬೆಳಿಗ್ಗೆ ಲ್ಯಾಬ್ ಟೆಕ್ನಿಷಿಯನ್ ಎದುರಿನ ಸಾಲಿನಲ್ಲಿ ನಿಂತವರು ಮಾತ್ರ ಬದಲಾದರು.

ಹಳ್ಳಿಯಲ್ಲಿ ನೀವು ಆಶಾ ಕಾರ್ಯಕರ್ತೆಯರ ಸಿಬ್ಯಾಕ್ ಫಾರಂ (ಕಾಯಿಲೆಯ ಅಪಾಯ ಅಳೆಯುವ ಪ್ರಶ್ನೆಪಟ್ಟಿ) ನೋಡಿಯೇ ಇರುತ್ತೀರಿ. 30 ದಾಟಿದವರಿಗೆ ಅಂಕ ಹಾಕಿ, 4ಕ್ಕಿಂತ ಜಾಸ್ತಿ ಬಂದವರನ್ನು ತಪಾಸಣೆಗೆ ಮೊದಲು ಕಳಿಸುವುದು. ಅಲ್ಲಿ ಗೆರೆಯ ಕೆಲಸ ಸರದಿ ನಿರ್ಧರಿಸುವುದು ಮಾತ್ರ, ಯಾರನ್ನೂ ಮನೆಗೆ ಕಳಿಸುವುದಲ್ಲ. ಅಂಥ ಗೆರೆ ಸ್ವಲ್ಪ ಆಚೀಚೆ ಆದರೂ ಅನಾಹುತ ಆಗುವುದಿಲ್ಲ.

ಅನಾಹುತ ಆಗುವ ಗೆರೆ ಹೇಗಿರುತ್ತದೆ ಅಂತ ನೋಡಬೇಕಾದರೆ ಪ್ರಾಸ್ಟೇಟ್ ಕ್ಯಾನ್ಸರಿನ ಪಿಎಸ್‌ಎ ರಕ್ತಪರೀಕ್ಷೆಗೆ ಬನ್ನಿ. ಬಹಳ ವರ್ಷ ಎಲ್ಲರ ಬಾಯಲ್ಲೂ 4 ನ್ಯಾನೊಗ್ರಾಂ ಅನ್ನುವ ಗೆರೆ ಇತ್ತು. ದಾಟಿದರೆ ಬಯಾಪ್ಸಿ (ಸೂಜಿಯಿಂದ ಚೂರು ತೆಗೆದು ನೋಡುವುದು), ಇಲ್ಲದಿದ್ದರೆ ಮನೆಗೆ. ತೊಂದರೆ ಏನೆಂದರೆ, 4ಕ್ಕಿಂತ ಕಡಿಮೆ ಇದ್ದವರಿಗೆ ಬಯಾಪ್ಸಿಯನ್ನೇ ಮಾಡದಿದ್ದರೆ ಅವರಲ್ಲಿ ಕ್ಯಾನ್ಸರ್ ಇತ್ತೇ ಅಂತ ಗೊತ್ತಾಗುವುದು ಹೇಗೆ? ಸೆನ್ಸಿಟಿವಿಟಿ ಪುಸ್ತಕದಲ್ಲಿ ಚೆಂದ ಕಾಣುತ್ತದೆ, ಯಾಕೆಂದರೆ ತಪ್ಪಿಸಿಕೊಂಡವರು ಎಣಿಕೆಗೇ ಸಿಗುವುದಿಲ್ಲ.

ಅಮೆರಿಕದಲ್ಲಿ ಫಿನಾಸ್ಟರೈಡ್ ಔಷಧಿಯ ದೊಡ್ಡ ಅಧ್ಯಯನವೊಂದು ಈ ಗಂಟನ್ನು ಬಿಡಿಸಿತು. ಶುರುವಿನಲ್ಲಿ ಪಿಎಸ್‌ಎ 3 ಅಥವಾ ಕಡಿಮೆ ಇದ್ದ ಗಂಡಸರನ್ನು ಸೇರಿಸಿಕೊಂಡಿದ್ದರು. ಕೊನೆಗೆ ಪಿಎಸ್‌ಎ ಎಷ್ಟೇ ಇರಲಿ, ಬಯಾಪ್ಸಿ ಮಾಡುವುದು ಅಂತ ಮೊದಲೇ ನಿರ್ಧಾರವಾಗಿತ್ತು. ಔಷಧಿ ಸಿಗದ ಗುಂಪಿನ 5587 ಜನರ ಲೆಕ್ಕ 2005ರಲ್ಲಿ ಹೊರಬಂತು. ಅವರಲ್ಲಿ 1225 ಜನರಿಗೆ ಕ್ಯಾನ್ಸರ್. 4.1ರ ಗೆರೆಯಲ್ಲಿ ಸೆನ್ಸಿಟಿವಿಟಿ ಬರೀ 20.5%, ಸ್ಪೆಸಿಫಿಸಿಟಿ 93.8%. ಗೆರೆಯನ್ನು 3.1ಕ್ಕೆ ಇಳಿಸಿದರೆ 32.2 ಮತ್ತು 86.7. 2.1ಕ್ಕೆ 52.6 ಮತ್ತು 72.5. 1.1ಕ್ಕೆ 83.4 ಮತ್ತು 38.9.

ನೀವೇ ಕೂಡಿ ಕಳೆದು ನೋಡಿ, ಈ ನಾಲ್ಕರಲ್ಲಿ ಯೂಡನ್ ಆರಿಸುವುದು 2.1. ಮೂಲೆಯ ವಿಧಾನವೂ 2.1. ಇಬ್ಬರೂ ಒಪ್ಪಿದರು! ಹಾಗಂತ 2.1 ಬಂದವರಿಗೆಲ್ಲ ಸೂಜಿ ಹಾಕೋಣವೇ? ಅಂಥ ಸಾವಿರ ಗಂಡಸರಲ್ಲಿ 215 ಜನರಿಗೆ ಸುಮ್ನೆ ಬಯಾಪ್ಸಿ ಆಗುತ್ತದೆ. ಆ ಬಯಾಪ್ಸಿ ಬೆರಳು ಚುಚ್ಚಿದಷ್ಟು ಸುಲಭವಲ್ಲ. ರಕ್ತ ಹೋಗಬಹುದು, ಸೋಂಕು ತಗುಲಬಹುದು. ಸಿಕ್ಕಿದ 115 ಕ್ಯಾನ್ಸರ್‌ಗಳಲ್ಲೂ ಎಷ್ಟೋ ನಿಧಾನವಾಗಿ ಬೆಳೆಯುವಂಥವು, ಆ ಮನುಷ್ಯನಿಗೆ ಬದುಕಿರುವಷ್ಟು ದಿನ ತೊಂದರೆ ಕೊಡದೇ ಹೋಗಬಹುದಾದಂಥವು. ಅಂದರೆ ಇಲ್ಲಿ ಕಾಯಿಲೆ ಹಿಡಿದದ್ದೆಲ್ಲ ಲಾಭವೂ ಅಲ್ಲ. ಕಾಯಿಲೆ ಅಂದರೆ ಯಾವುದು ಅನ್ನುವುದನ್ನು ಬದಲಿಸಿದರೆ ಕರ್ವೇ ಬದಲಾಗುತ್ತದೆ. ಯಾವುದೇ ಕ್ಯಾನ್ಸರ್ ಅಂತ ನೋಡಿದಾಗ ಎಯುಸಿ 0.678 ಇದ್ದದ್ದು, ಗ್ಲೀಸನ್ ಅಂಕ 8 ಅಥವಾ ಹೆಚ್ಚಿರುವ ಉಗ್ರ ಕ್ಯಾನ್ಸರ್ ಮಾತ್ರ ಅಂತ ನೋಡಿದಾಗ 0.827 ಆಯಿತು. ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಎರಡೂ ಚೆನ್ನಾಗಿರುವ ಗೆರೆ ಪಿಎಸ್‌ಎಯಲ್ಲಿ ಎಲ್ಲೂ ಇಲ್ಲ, ಅಂಕಿ ಏರಿದಂತೆ ಅಪಾಯವೂ ಏರುತ್ತದೆ ಅಷ್ಟೇ ಅನ್ನುವುದು ಆ ಅಧ್ಯಯನದವರ ತೀರ್ಮಾನ. ಒಂದು ಕಟ್‌ಆಫ್ ಹುಡುಕಲೇಬೇಕು ಅಂತ ಹೊರಟವರು ಇದನ್ನು ಒಮ್ಮೆ ನೋಡಬೇಕು.

ಗೆರೆ ಒಂದೇ ಇರಬೇಕು ಅಂತಲೂ ಇಲ್ಲ. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಬಳಸುವ ಡಿ-ಡೈಮರ್ ರಕ್ತಪರೀಕ್ಷೆಗೆ ಮೊದಲು ಎಲ್ಲರಿಗೂ 500ರ ಗೆರೆ ಇತ್ತು. ವಯಸ್ಸಾದಂತೆ ಕಾಯಿಲೆ ಇಲ್ಲದೆಯೂ ಅದು ಏರುವುದರಿಂದ, 50 ದಾಟಿದವರಿಗೆ ವಯಸ್ಸನ್ನು ಹತ್ತರಿಂದ ಗುಣಿಸಿ ಗೆರೆ ಹಾಕಬಹುದು ಅಂತ 2014ರ ಅಡ್ಜಸ್ಟ್-ಪಿಇ ಅಧ್ಯಯನ ತೋರಿಸಿತು. 78 ವರ್ಷದವರಿಗೆ 780. ನೀವೂ ಎರಡು ಗೆರೆ ಎಳೆಯಬಹುದು: ಕೆಳಗಿನದರ ಕೆಳಗಿದ್ದವರು ಮನೆಗೆ, ಮೇಲಿನದರ ಮೇಲಿದ್ದವರು ಇವತ್ತೇ ಡಾಕ್ಟರ ಹತ್ತಿರ, ನಡುವಿನವರು ಇನ್ನೊಂದು ಪರೀಕ್ಷೆಗೆ.

ಈಗ ನಿಮ್ಮ ಡೇಟಾ. 131.5 ನೋಡಿ ನನಗೆ ನಗು ಬಂತು, ತಪ್ಪು ತಿಳಿಯಬೇಡಿ. ನಿಮ್ಮ ಗ್ಲುಕೋಮೀಟರ್ ಅರ್ಧ ಅಂಕಿ ತೋರಿಸುತ್ತದೆಯೇ? ಎಸ್‌ಪಿಎಸ್‌ಎಸ್ ಪಕ್ಕಪಕ್ಕದ ಎರಡು ಅಂಕಿಗಳ ಸರಾಸರಿ ಹಾಕಿ ಕಟ್‌ಆಫ್ ಪಟ್ಟಿ ಮಾಡುತ್ತದೆ. ನಿಮ್ಮ ಗುಂಪಿನಲ್ಲಿ ಒಬ್ಬರಿಗೆ 131, ಇನ್ನೊಬ್ಬರಿಗೆ 132 ಇತ್ತು, ಅಷ್ಟೇ ಇದರ ಕಥೆ. ಇನ್ನೊಂದು ಹಳ್ಳಿಗೆ ಹೋಗಿದ್ದರೆ 126.5 ಬರುತ್ತಿತ್ತೋ, 140 ಬರುತ್ತಿತ್ತೋ. ಎಷ್ಟು ಅಲ್ಲಾಡುತ್ತದೆ ಅಂತ ನೋಡಲು ಬೂಟ್‌ಸ್ಟ್ರ್ಯಾಪ್ ಮಾಡಿ: ಇದೇ 180 ಜನರಿಂದ ಮತ್ತೆ ಮತ್ತೆ ಸಾವಿರ ಸಲ ಗುಂಪು ಎತ್ತಿ, ಪ್ರತಿ ಸಲವೂ ಯೂಡನ್ ಕಟ್‌ಆಫ್ ಹುಡುಕಿ. ಹತ್ತಿಪ್ಪತ್ತು ಅಂಕಿ ಆಚೀಚೆ ಹಾರಾಡಿದರೆ ಆಶ್ಚರ್ಯ ಬೇಡ. ಕರ್ವಿನ ನೆತ್ತಿ ಚಪ್ಪಟೆಯಾಗಿದ್ದರೆ ಹಾಗೇ ಆಗುವುದು. 0.527 ಮತ್ತು 0.520ರ ನಡುವೆ ಜಗಳ ಮಾಡುವುದರಲ್ಲಿ ಹುರುಳಿಲ್ಲ ಅನ್ನುವುದು ಆಗ ಗೈಡ್‌ಗೂ ಕಾಣುತ್ತದೆ.

83% ಸೆನ್ಸಿಟಿವಿಟಿಯೂ ಅಷ್ಟೇ. 30ರಲ್ಲಿ 25 ಅಂದರೆ ನಿಜವಾದ ಶೇಕಡಾ 66ರಿಂದ 93ರ ನಡುವೆ ಎಲ್ಲಾದರೂ ಇರಬಹುದು (ಈ ವ್ಯಾಪ್ತಿಯೇ ಕಾನ್ಫಿಡೆನ್ಸ್ ಇಂಟರ್ವಲ್). ಅದರ ಮೇಲೆ, ಯಾವ ಡೇಟಾದಲ್ಲಿ ಕಟ್‌ಆಫ್ ಹುಡುಕಿದಿರೋ ಅದೇ ಡೇಟಾದಲ್ಲಿ ಅದಕ್ಕೆ ಅಂಕ ಕೊಟ್ಟಿದ್ದೀರಿ. ತಾನೇ ಪ್ರಶ್ನೆಪತ್ರಿಕೆ ಮಾಡಿ ತಾನೇ ಪರೀಕ್ಷೆ ಬರೆದ ಹಾಗೆ. ಹೊಸ ಜನರಲ್ಲಿ ಈ ಅಂಕ ಇಳಿಯುವುದೇ ಜಾಸ್ತಿ, ಗುಂಪು ಚಿಕ್ಕದಿದ್ದಷ್ಟೂ ಇಳಿತ ಹೆಚ್ಚು.

ಹಾಗಾದರೆ ಏನು ಬರೆಯಬೇಕು? ನಾನಾಗಿದ್ದರೆ ಮೊದಲು ನೀವು ಕೆಲಸ ಮಾಡಿದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೇ ಕೇಳುತ್ತಿದ್ದೆ: ದಿನಕ್ಕೆ ಎಷ್ಟು ಜನರಿಗೆ ಎರಡು ಗಂಟೆಯ ಪರೀಕ್ಷೆ ಮಾಡಿಸಬಲ್ಲಿರಿ, ಒಬ್ಬ ರೋಗಿ ಸಿಗಲು ಎಷ್ಟು ಸುಳ್ಳು ಕರೆ ಸಹಿಸುತ್ತೀರಿ? ಅವರು ಹೇಳಿದ ಅಂಕಿಯನ್ನು ಇಳಿಜಾರಿನ ಲೆಕ್ಕಕ್ಕೆ ಹಾಕಿ. ಬಂದ ಜಾಗದ ಹತ್ತಿರದ ದುಂಡು ಅಂಕಿ ಆರಿಸಿ, 130 ಅಂತಲೋ 120 ಅಂತಲೋ. ಆಶಾ ಕಾರ್ಯಕರ್ತೆಗೆ ಬಾಯಲ್ಲಿ ಹೇಳಬಹುದಾದ ಅಂಕಿ ಇರಲಿ. ಥೀಸಿಸ್‌ನಲ್ಲಿ 110ರಿಂದ 150ರವರೆಗೆ ಹತ್ತತ್ತು ಅಂಕಿಗೊಂದು ಸಾಲು ಹಾಕಿ: ಸಿಕ್ಕವರೆಷ್ಟು, ತಪ್ಪಿದವರೆಷ್ಟು, ಸುಳ್ಳು ಕರೆ ಎಷ್ಟು, ಪಕ್ಕದಲ್ಲಿ ಕಾನ್ಫಿಡೆನ್ಸ್ ಇಂಟರ್ವಲ್. ನಿಮ್ಮ ಬೆಲೆ ಒಪ್ಪದವರು ಆ ಪಟ್ಟಿಯಿಂದ ತಮ್ಮ ಗೆರೆಯನ್ನು ತಾವೇ ಆರಿಸಿಕೊಳ್ಳುತ್ತಾರೆ. ಯೂಡನ್ ಬಿಂದುವನ್ನೂ ಒಂದು ಸಾಲಿನಲ್ಲಿ ಹೇಳಿ, ಪರೀಕ್ಷಕರು ಕೇಳಿಯೇ ಕೇಳುತ್ತಾರೆ.

ಇದೆಲ್ಲಕ್ಕೂ ಮೊದಲು ಒಂದು ಕೆಲಸ ಇದೆ. ನಾನು ಇಷ್ಟು ಹೊತ್ತು ಮಾಡಿದ ತಲೆಲೆಕ್ಕವನ್ನೂ ಅದು ಬುಡಮೇಲು ಮಾಡುತ್ತದೆ. ಮಾತ್ರೆ ತೆಗೆದುಕೊಳ್ಳುತ್ತಿದ್ದ ಆ 11 ಜನರನ್ನು ಹೊರಗಿಡಿ. ನೀವು ಹುಡುಕಲು ಹೋಗಿದ್ದು ಗೊತ್ತಿಲ್ಲದ ಡಯಾಬಿಟಿಸ್. ಅವರಿಗೆ ಆಗಲೇ ಗೊತ್ತಿದೆ, ಅವರನ್ನು ಹಿಡಿಯಲು ಗ್ಲುಕೋಮೀಟರ್ ಬೇಕಿಲ್ಲ, 'ಶುಗರ್ ಮಾತ್ರೆ ತಗೋತೀರಾ?' ಅಂದರೆ ಸಾಕು. ಹಳೆಯ ರೋಗಿಗಳ ಶುಗರ್ ಸಾಮಾನ್ಯವಾಗಿ ಜಾಸ್ತಿ ಇರುವುದರಿಂದ ಕರ್ವನ್ನು ಅವರು ಮೇಲೆತ್ತಿರಬಹುದು. ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಕೆಳಗೆಳೆದಿರಲೂಬಹುದು. ಎರಡೂ ನಮಗೆ ಬೇಡ. ಉಳಿಯುವುದು 169 ಜನ, ರೋಗಿಗಳು 19. ಕರ್ವ್ ಮತ್ತೆ ಹಾಕಿ. ಎಯುಸಿ 0.81ರಿಂದ ಇಳಿದರೆ ಹೆದರದೆ ಆ ಅಂಕಿಯನ್ನೇ ಬರೆಯಿರಿ. 19 ರೋಗಿಗಳಿಂದ ಕಟ್‌ಆಫ್ ಹೇಳಲು ಧೈರ್ಯ ಸಾಲದು ಅನ್ನಿಸಿದರೆ, ಇನ್ನೆರಡು ಹಳ್ಳಿ ಸೇರಿಸಲು ಸಮಯ ಇದೆಯೇ ಅಂತ ಗೈಡ್ ಹತ್ತಿರ ಈ ವಾರವೇ ಕೇಳಿ.